ಮೀಟರಕ್ಕನ ಅನಗತ್ಯ ಫೋಟೋಗಳು

ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗುವ ಹೊತ್ತಿಗೆ ಅವಳ ಸ್ವಂತ ಹೆಸರು ಅವಳ ಕಿವಿಗೇ ಅಪರೂಪವಾಗಿತ್ತು. ಪಾಲಿಗೆ ಬಂದ ಹನ್ನೊಂದು ಓಣಿಗಳಲ್ಲೂ ಅವಳು ಮೀಟರಕ್ಕ. ಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರು’ ಎಂಬ ದನಿ, ‘ಮೀಟರು’ ಎಂಬ ಉತ್ತರ, ಆಮೇಲೆ ‘ಮೆಟ್ಟಿಲ ಕೆಳಗಿದೆ ನೋಡಿ’ ಎಂಬ ಅಪ್ಪಣೆ. ಇಷ್ಟರಲ್ಲಿ ಸಂಬಂಧ ಮುಗಿಯುತ್ತಿತ್ತು. ನೀರಿಲ್ಲದೆ ಒಂದು ದಿನ ಬದುಕಲಾರದ ಜನ ನೀರಿನ ಮೀಟರನ್ನು ಮಾತ್ರ ಮನೆಯಲ್ಲಿ ಯಾರಿಗೂ ಬೇಡದ ವಸ್ತುಗಳೆಲ್ಲ ಸೇರುವ ಮೂಲೆಗೆ ತಳ್ಳಿರುತ್ತಾರೆ. ಕಾಲು ಮುರಿದ ಕುರ್ಚಿ, ತಳವಿಲ್ಲದ ಬಕೆಟ್ಟು, ಹಳೆ ಸೈಕಲ್ಲಿನ ಒಂದು ಚಕ್ರ, ಇವುಗಳನ್ನೆಲ್ಲ ದಾಟಿ ಮಂಡಿಯೂರಿ ತೆವಳಿದರೆ ಕೊನೆಗೆ ಅಂಗೈಯಗಲದ ಗಾಜು, ಅದರೊಳಗೆ ಐದು ಅಂಕಿ.

ಆ ಕಚೇರಿಯಲ್ಲಿ ಮೀಟರ್ ಓದುವ ಕೆಲವರಿಗೆ ದಿವ್ಯದೃಷ್ಟಿ ಇತ್ತು. ಚಹಾದಂಗಡಿಯ ಬೆಂಚಿನಲ್ಲಿ ಕೂತಲ್ಲಿಂದಲೇ ಇನ್ನೂರು ಮನೆಯ ಅಂಕಿ ಅವರಿಗೆ ಕಾಣುತ್ತಿತ್ತು. ಮೂರು ವರ್ಷದ ಹಿಂದೆಯೇ ಕೆಡವಿ ನೆಲಸಮ ಮಾಡಿದ್ದ ಒಂದು ಮನೆ ತಿಂಗಳು ತಪ್ಪದೆ ನೀರು ಕುಡಿಯುತ್ತಿದೆ ಎಂದು ದಾಖಲೆಯಲ್ಲಿ ಕಂಡಾಗ ಮೇಲಧಿಕಾರಿಗೆ ಅನುಮಾನ ಬಂತು. ಇವರನ್ನು ಕಚೇರಿಯವರೆಲ್ಲ ಸಾಹೇಬರು ಎನ್ನುತ್ತಿದ್ದರು. ಸಾಹೇಬರು ಆದೇಶ ಹೊರಡಿಸಿದರು: ಇನ್ನು ಮೇಲೆ ಪ್ರತಿ ಮೀಟರಿನ ಫೋಟೋ ಕಡ್ಡಾಯ. ಎಲ್ಲರಿಗೂ ಒಂದೊಂದು ಪುಟ್ಟ ಕ್ಯಾಮೆರಾ ಕೊಟ್ಟರು. ಹಿಂಬದಿಗೆ ‘ಕಚೇರಿ ಸ್ವತ್ತು’ ಎಂಬ ಚೀಟಿಯನ್ನು ಎಷ್ಟು ಶ್ರದ್ಧೆಯಿಂದ ಅಂಟಿಸಿದ್ದರೆಂದರೆ ಅರ್ಧ ಪರದೆ ಅದರ ಅಡಿಯಲ್ಲೇ ಹೋಗಿತ್ತು. ಚೀಟಿ ಕೀಳುವುದು ಶಿಕ್ಷಾರ್ಹ. ಹೀಗಾಗಿ ಮೀಟರಕ್ಕ ಫೋಟೋಗ್ರಫಿ ಕಲಿತದ್ದು ಅರ್ಧ ಕಂಡು, ಇನ್ನರ್ಧ ಊಹಿಸಿಕೊಂಡು.

ತರಬೇತಿಯೂ ಆಯಿತು, ಐದು ನಿಮಿಷ. ಬಟನ್ ಒತ್ತಬೇಕು, ಅಂಕಿ ಕಾಣಬೇಕು, ಬೇರೇನೂ ಕಾಣಬಾರದು ಎಂದು ಸಾಹೇಬರು ಇಡೀ ಕಲೆಯನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸಿದರು.

ಮೊದಲ ದಿನದ ಮೂವತ್ತೆಂಟು ಫೋಟೋಗಳಲ್ಲಿ ಮೂವತ್ತೈದರಲ್ಲಿ ಅಂಕಿಯ ಬದಲು ಬಿಳಿ ಸೂರ್ಯ ಹುಟ್ಟಿದ್ದ. ಫ್ಲಾಶ್ ಗಾಜಿಗೆ ಹೊಡೆದು ವಾಪಸ್ಸು ಬರುತ್ತಿತ್ತು. ಫ್ಲಾಶ್ ಆರಿಸಿದರೆ ಬರೀ ಕಗ್ಗತ್ತಲು. ಉಳಿದವರು ‘ಕ್ಯಾಮೆರಾ ಸರಿಯಿಲ್ಲ’ ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಮೀಟರಕ್ಕನಿಗೆ ಮಾತ್ರ ಸೋತೆ ಎನ್ನಲು ಮನಸ್ಸು ಬರಲಿಲ್ಲ. ಮರುದಿನ ಊಟದ ಡಬ್ಬಿಯ ಮುಚ್ಚಳವನ್ನು ಒರೆಸಿ ಹಿಡಿದು, ಬಾಗಿಲ ಬಿಸಿಲನ್ನು ಮೆಟ್ಟಿಲ ಕೆಳಕ್ಕೆ ತಿರುಗಿಸಿದಳು. ಮೀಟರು ಹೊಳೆಯಿತು. ಆ ಬೆಳಕು ತೀರಾ ಚುಚ್ಚುತ್ತದೆ ಎನಿಸಿದಾಗ ಮುಚ್ಚಳದ ಬದಲು ದೂರು ಅರ್ಜಿಯ ಬಿಳಿ ಹಾಳೆ ಹಿಡಿದಳು. ಯಾರ ದೂರನ್ನೂ ತೀರಿಸದ ಆ ಹಾಳೆಯಿಂದ ಮೊದಲ ಸಲ ಒಬ್ಬರಿಗೆ ಉಪಕಾರವಾಯಿತು. ಕೈ ನಡುಗಿದರೆ ಕ್ಯಾಮೆರಾವನ್ನು ಡಬ್ಬಿಯ ಮೇಲಿಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ತೀರಾ ಹತ್ತಿರ ಹೋದರೆ ಅಂಕಿ ಮಸುಕಾಗುತ್ತಿತ್ತು. ನಲವತ್ತೈದು ದಾಟಿದ ಮೇಲೆ ಬಂದ ಓದುವ ಕನ್ನಡಕವನ್ನು ಬಿಚ್ಚಿ ಲೆನ್ಸಿನ ಮುಂದೆ ಹಿಡಿದಳು. ಗಾಜಿನ ಮೇಲೆ ಕೂತ ಒಂದು ನೀರಿನ ಹನಿ, ಹನಿಯೊಳಗೆ ದಪ್ಪಗೆ ಉಬ್ಬಿದ ‘ನಾಲ್ಕು’, ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಬಂದವು.

ಹಾಗಿರುವಾಗ ಒಂದು ಮಧ್ಯಾಹ್ನ ದರ್ಜಿಯ ಮನೆಯ ಮೆಟ್ಟಿಲ ಕೆಳಗೆ ತೆವಳಿದಳು. ಮರದ ಮೆಟ್ಟಿಲು, ಸಂದುಗಳಿಂದ ಬಿಸಿಲು ಗೆರೆಗೆರೆಯಾಗಿ ಇಳಿದಿತ್ತು. ಒಂದು ಗೆರೆ ಮೀಟರಿನ ಮೇಲೆ, ಒಂದು ಜೇಡನ ಬಲೆಯ ಮೇಲೆ, ಇನ್ನೊಂದು ಒಂಟಿಯಾಗಿ ಬಿದ್ದಿದ್ದ ಮಗುವಿನ ಬೂಟಿನ ಮೇಲೆ. ಅವಳು ಎರಡು ಗೇಣು ಹಿಂದೆ ಸರಿದಳು. ಅಂಕಿಯೂ ಬಂತು, ಬೂಟೂ ಬಂತು. ಫೋಟೋ ನೋಡುತ್ತ ಅಲ್ಲೇ ಹತ್ತು ನಿಮಿಷ ಕೂತುಬಿಟ್ಟಳು. ಹೊರಗಿನಿಂದ ದರ್ಜಿಯ ತಾಯಿ ನೀರು ಸೋರುತ್ತಿದೆಯೇ ಎಂದು ಕೇಳಿದರು. ಇಲ್ಲ, ಎಲ್ಲ ಚೆನ್ನಾಗಿದೆ ಎಂದಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಮೀಟರಿನ ಬಗ್ಗೆ ಅವಳು ಈ ಮಾತು ಆಡಿದ್ದು ಅದೇ ಮೊದಲು.

ಅದಾಗಿ ಆರೇ ತಿಂಗಳಿಗೆ ಮೆಮೋ ಬಂತು. ‘ತಾವು ಸಲ್ಲಿಸುತ್ತಿರುವ ಚಿತ್ರಗಳಲ್ಲಿ ನೆರಳು, ಜೇಡ, ಪಾದರಕ್ಷೆ, ಬಳ್ಳಿ ಇತ್ಯಾದಿ ಅನಗತ್ಯ ಅಂಶಗಳು ಕಂಡುಬಂದಿದ್ದು, ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಅವಳು ಎರಡೇ ಸಾಲು ಬರೆದುಕೊಟ್ಟಳು: ‘ಅಂಕಿ ಸ್ಪಷ್ಟವಾಗಿದೆ. ಉಳಿದದ್ದು ಅಲ್ಲೇ ಇತ್ತು.’

ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಎರಡು ಫೋಟೋ ತೆಗೆಯತೊಡಗಿದಳು, ಒಂದು ಸಾಹೇಬರಿಗೆ, ಒಂದು ತನಗೆ. ಕಚೇರಿಯ ಕಂಪ್ಯೂಟರಿನವನು ಅವುಗಳನ್ನು ‘ಅಂಗೀಕೃತ’, ‘ಅನಗತ್ಯ’ ಎಂದು ವಿಂಗಡಿಸಿ ಇಡುತ್ತಿದ್ದ. ಅನಗತ್ಯವಾದದ್ದನ್ನು ಅಳಿಸಲು ಮೂವರ ಸಹಿ ಬೇಕಿತ್ತು. ಸಹಿ ಹಾಕಬೇಕಾದ ಮೂವರು ಒಂದೇ ದಿನ ಕಚೇರಿಯಲ್ಲಿ ಸಿಕ್ಕ ದಾಖಲೆ ಇರಲಿಲ್ಲ. ಕಲೆಯನ್ನು ಉಳಿಸಿಕೊಳ್ಳುವ ಪುಣ್ಯ ಆ ಕಚೇರಿಗೆ ಬಂದದ್ದು ಹೀಗೆ.

ಮನೆಯಲ್ಲಿ ಫೋಟೋಗ್ರಾಫರ್ ಎಂಬ ಪಟ್ಟ ಮೊದಲೇ ಭರ್ತಿಯಾಗಿತ್ತು. ಅವಳ ಗಂಡನ ಅಣ್ಣ, ಅಂದರೆ ಭಾವ, ಗೋದಾಮು ಅಧಿಕಾರಿಯಾಗಿ ನಿವೃತ್ತರಾದವರು, ಮೇಲಿನ ಮಹಡಿಯಲ್ಲಿದ್ದರು. ನಿವೃತ್ತಿಯ ಮರುವಾರವೇ ದೊಡ್ಡ ಕ್ಯಾಮೆರಾ ಬಂತು, ಅದರ ಬೆನ್ನಿಗೇ ಲೆನ್ಸುಗಳು ಬಂದವು, ಅವಕ್ಕೊಂದು ಚೀಲ, ಚೀಲಕ್ಕೊಂದು ರೇನ್‌ಕೋಟು. ಭಾವ ಮಳೆಯಲ್ಲಿ ನೆನೆಯುತ್ತಿದ್ದರು, ಚೀಲ ನೆನೆಯುತ್ತಿರಲಿಲ್ಲ. ಹಕ್ಕಿಯ ಫೋಟೋ ಅವರಿಗೆ ಪ್ರಾಣ. ಅವರಲ್ಲಿದ್ದ ಫೋಟೋಗಳು ಬಹುತೇಕ ಹಕ್ಕಿ ಆಗತಾನೇ ಎದ್ದುಹೋದ ಕೊಂಬೆಯವು. ಮನೆಮಂದಿಯ ಗುಂಪು ಫೋಟೋ ತೆಗೆಯಲು ನಿಂತರೆ ಬೆಳಕು ಹೊಂದಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದು, ಮಕ್ಕಳು ನಿದ್ದೆ ಹೋಗಿ, ಹಿರಿಯರು ಬಚ್ಚಲಿಗೆ ಹೋಗಿ, ಕೊನೆಗೆ ಉಳಿದವರಷ್ಟೇ ಕುಟುಂಬ ಎನಿಸಿಕೊಳ್ಳುತ್ತಿದ್ದರು.

ಒಮ್ಮೆ ಮೀಟರಕ್ಕ ಧೈರ್ಯ ಮಾಡಿ ಹನಿಯೊಳಗಿನ ನಾಲ್ಕನ್ನು ಅವರಿಗೆ ತೋರಿಸಿದಳು. ಭಾವ ಫೋಟೋ ನೋಡಲಿಲ್ಲ. ಕ್ಯಾಮೆರಾವನ್ನು ತಿರುವಿ ತಿರುವಿ ನೋಡಿ, ಮೆಗಾಪಿಕ್ಸೆಲ್ ಎಷ್ಟೆಂದು ಕೇಳಿದರು. ಗೊತ್ತಿಲ್ಲ ಎಂದಳು.

“ಇದ್ರಲ್ಲಿ ಫೋಟೋ ತೆಗೆಯೋಕಾಗಲ್ಲಮ್ಮ,” ಎಂದು ಅನುಕಂಪದಿಂದ ವಾಪಸ್ಸು ಕೊಟ್ಟರು. “ದಾಖಲೆ ತೆಗೀಬಹುದು, ಅಷ್ಟೆ.”

ಅವಳು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಕೆಳಗಿಳಿದಳು. ದಾಖಲೆಯೆಂದರೆ ಕೀಳು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಚೇರಿಗೆ ಐವತ್ತು ತುಂಬಿತು. ಹೊಸ ಕಟ್ಟಡ ಎದ್ದಿತು. ಒಳಗಿನ ಉದ್ದ ಗೋಡೆಗೆ ಇಪ್ಪತ್ತನಾಲ್ಕು ಚೌಕಟ್ಟುಗಳನ್ನು ಬಡಗಿ ಮೊದಲೇ ಮಾಡಿಟ್ಟ. ಒಳಗೆ ಏನು ಹಾಕುವುದೆಂದು ಆಮೇಲೆ ಯೋಚಿಸಿದರು. ಭಾವ ಮತ್ತು ಸಾಹೇಬರು ಬೆಳಿಗ್ಗೆ ಒಂದೇ ಉದ್ಯಾನದಲ್ಲಿ ನಡೆಯುವವರಾದ್ದರಿಂದ ಕಲಾವಿದನ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಾವ ಒಂದು ತಿಂಗಳು ನೀರಿನ ಟ್ಯಾಂಕಿನ ಸುತ್ತ ಪ್ರದಕ್ಷಿಣೆ ಹಾಕಿದರು. ಕೆಳಗಿನಿಂದ ಟ್ಯಾಂಕು, ಮೇಲಿನಿಂದ ಟ್ಯಾಂಕು, ಓರೆಯಾಗಿ ಟ್ಯಾಂಕು. ಕೊನೆಗೆ ಸಾಹೇಬರು ಭಾಷಣ ಮಾಡುತ್ತಿರುವ ಭಾವಚಿತ್ರ, ಗೋಡೆಯ ನಡುಮಧ್ಯಕ್ಕೆಂದೇ ತೆಗೆದದ್ದು. ಅದರಲ್ಲಿ ಮೈಕು ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ತೂತುಗಳನ್ನು ಎಣಿಸಬಹುದಿತ್ತು. ಸಾಹೇಬರು ಮಾತ್ರ ಮಂಜಿನೊಳಗಿನ ಗುಡ್ಡದಂತೆ ಹಿಂದೆಲ್ಲೋ ಕರಗಿಹೋಗಿದ್ದರು.

“ಹಿನ್ನೆಲೆ ಮಸುಕಾಗಿದ್ರೇನೇ ಸಾರ್ ಕಲೆ,” ಎಂದರು ಭಾವ.

ಸಾಹೇಬರು ಬಹಳ ಹೊತ್ತು ಫೋಟೋ ನೋಡಿದರು. “ನಾನು ಹಿನ್ನೆಲೆನಾ?”

ಅಲ್ಲಿಗೆ ಟ್ಯಾಂಕುಗಳೂ ಹೋದವು. ಸಮಾರಂಭಕ್ಕೆ ನಾಲ್ಕೇ ದಿನ ಉಳಿದಿತ್ತು. ಖಾಲಿ ಚೌಕಟ್ಟುಗಳು ಗೋಡೆಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಆಗ ಕಂಪ್ಯೂಟರಿನವನು ಹಿಂಜರಿಯುತ್ತ ‘ಅನಗತ್ಯ’ ತೆರೆದು ತೋರಿಸಿದ. ಯಾರು ತೆಗೆದದ್ದೆಂದು ಸಾಹೇಬರು ಕೇಳಿದರು. ಹೆಸರು ಹೇಳಿದರೆ ಹಳೆಯ ಮೆಮೋ ನೆನಪಾಗಿ ಎಲ್ಲಿ ಬೇಡವೆನ್ನುತ್ತಾರೋ ಎಂದು ಅವನು ಕಚೇರಿಯದ್ದೇ ಎಂದ. ಯಾರಿಗೂ ಕೃತಜ್ಞತೆ ಹೇಳಬೇಕಿಲ್ಲ ಎಂದು ತಿಳಿದು ಸಾಹೇಬರ ಮುಖ ಅರಳಿತು. ಇಪ್ಪತ್ತನಾಲ್ಕು ಫೋಟೋ ದೊಡ್ಡದಾಗಿ ಅಚ್ಚಾದವು. ಪ್ರತಿಯೊಂದರ ಕೆಳಗೂ ‘ಕಚೇರಿ ಸಂಗ್ರಹ’.

ಮೀಟರಕ್ಕನಿಗೆ ಈ ಯಾವುದರ ಸುಳಿವೂ ಇರಲಿಲ್ಲ. ಸಮಾರಂಭದ ದಿನ ಗಂಡ ಮತ್ತು ಓರಗಿತ್ತಿಯ ಜೊತೆ ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಹನಿಯೊಳಗಿನ ನಾಲ್ಕು ಈಗ ಅವಳ ತಲೆಗಿಂತ ದೊಡ್ಡದಿತ್ತು. ಎರಡನೆಯ ಸಾಲಿನ ಮೂರನೆಯ ಫೋಟೋವನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಜೀವಮಾನವೆಲ್ಲ ಅಂಕಿ ಓದಿ ಸಂಬಳ ಪಡೆದವರು ಎಪ್ಪತ್ತು ಮಂದಿ ಅಲ್ಲಿದ್ದರು, ಒಬ್ಬರಿಗೂ ಅದು ಕಂಡಿರಲಿಲ್ಲ.

ಅದೇ ಫೋಟೋದ ಕೆಳಗೆ ಭಾವ ನಿಂತಿದ್ದರು, ಕೊರಳಲ್ಲಿ ದೊಡ್ಡ ಕ್ಯಾಮೆರಾ. ಜಗತ್ತನ್ನು ಬೇಕೆಂದೇ ಬುಡಮೇಲು ಮಾಡಿ ನೋಡುವ ಕಲಾವಿದನ ದೃಷ್ಟಿಯ ಬಗ್ಗೆ ಅತಿಥಿಗಳಿಗೆ ವಿವರಿಸುತ್ತಿದ್ದರು. ತಾವೇ ತೆಗೆದದ್ದು ಎಂದು ಅವರು ಒಮ್ಮೆಯೂ ಹೇಳಲಿಲ್ಲ, ಸುಳ್ಳು ಹೇಳುವ ಜಾಯಮಾನ ಅವರದ್ದಲ್ಲ. ತೆಗೆದವರು ಬೇರೆ ಎಂದೂ ಹೇಳಲಿಲ್ಲ. ಅತಿಥಿಗಳು ಕೈಕುಲುಕಲು ಬಂದರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅಷ್ಟೆ. ಓರಗಿತ್ತಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಬಾಯಿ ಬಿಟ್ಟರೆ ಮೇಲಿನ ಮಹಡಿಗೂ ಕೆಳಗಿನ ಮನೆಗೂ ನಡುವೆ ಎಷ್ಟು ವರ್ಷ ಮಾತು ನಿಲ್ಲುತ್ತದೆಂದು ಮೀಟರಕ್ಕ ಮನಸ್ಸಿನಲ್ಲೇ ಅಂದಾಜು ಹಾಕಿದಳು. ಹಣ್ಣಿನ ರಸದ ಲೋಟ ಹಿಡಿದು ಮೂಲೆ ಸೇರಿದಳು. ಗಂಡ ಅವಳ ಮುಖ ನೋಡಿ, ಗೋಡೆ ನೋಡಿ, ಅರ್ಥವಾಗಿಯೂ ಅರ್ಥವಾಗದವನಂತೆ ಇನ್ನೊಂದು ಲೋಟ ತರಲು ಹೋದ.

ಸಮಾರಂಭಕ್ಕೆ ಓಣಿಯ ಜನರನ್ನೂ ಕರೆದಿದ್ದರು. ಯಾರೂ ಬರುವುದಿಲ್ಲ ಎಂಬ ಭರವಸೆಯಿಂದಲೇ ಕರೆದದ್ದು. ದರ್ಜಿಯ ತಾಯಿ ಬಂದರು. ಕೋಲೂರಿಕೊಂಡು ಒಂದೊಂದೇ ಚೌಕಟ್ಟು ನೋಡುತ್ತ ಬಂದವರು ಗಕ್ಕನೆ ನಿಂತರು.

“ಇದು ನಮ್ಮ ಮೆಟ್ಟಿಲು,” ಎಂದರು. “ಆ ಬೂಟು ನನ್ನ ಮೊಮ್ಮಗಂದು. ಊರೆಲ್ಲ ಹುಡುಕಿ, ಸಿಗದೆ, ಇನ್ನೊಂದನ್ನೂ ಎಸೆದ್ವಿ.”

ಭಾವ ನಸುನಕ್ಕು, ಒಂಟಿ ಬೂಟು ಮನುಷ್ಯನ ಏಕಾಂತದ ಸಂಕೇತ ಎಂದರು.

“ಅದಿರ್ಲಿ. ನೀವು ಯಾವಾಗ ಬಂದ್ರಿ ನಮ್ಮನೆಗೆ?”

ಭಾವ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು. ಅಜ್ಜಿ ಅವರ ಹೊಟ್ಟೆಯ ಸುತ್ತಳತೆಯನ್ನು ದರ್ಜಿಯ ಮನೆಯವರ ಕಣ್ಣಿನಲ್ಲೇ ಅಳೆದರು. “ನಿಮ್ಮ ಕೈಲಿ ಅಲ್ಲಿ ನುಗ್ಗಕ್ಕಾಗಲ್ಲ ಸ್ವಾಮಿ. ಅಲ್ಲಿ ನುಗ್ಗೋಳು ಒಬ್ಬಳೇ.” ಕೋಲೆತ್ತಿ ಮೂಲೆಗೆ ತೋರಿಸಿದರು. “ಅಗೋ, ಅವಳು.”

ಅಷ್ಟರಲ್ಲಿ ಕ್ಷೌರದಂಗಡಿಯವನು ತನ್ನ ಮೀಟರನ್ನು ಗುರುತಿಸಿದ್ದ. ಆಚೆ ಓಣಿಯ ನಿವೃತ್ತ ಮೇಷ್ಟ್ರು ತಮ್ಮ ಮನೆಯ ಬಳ್ಳಿಯನ್ನು ಕಂಡುಕೊಂಡು, ತಲೆಕೆಳಗಾಗಿದ್ದ ಆ ಚೌಕಟ್ಟನ್ನು ಯಾರನ್ನೂ ಕೇಳದೆ ಕಳಚಿ ನೆಟ್ಟಗೆ ತೂಗುಹಾಕಿದರು. ಸಭೆಯ ಕಣ್ಣೆಲ್ಲ ಮೂಲೆಯತ್ತ ತಿರುಗಿತು. ಮೀಟರಕ್ಕನ ಎರಡು ಕೈಯಲ್ಲೂ ಲೋಟವಿತ್ತು, ಕೈಕುಲುಕಲು ಯಾರಿಗೂ ಅವಕಾಶವಾಗಲಿಲ್ಲ. ನಾನೂ ಅದನ್ನೇ ಹೇಳಲು ಹೊರಟಿದ್ದೆ ಎಂದು ಭಾವ ಎಲ್ಲರಿಗೂ ಕೇಳುವಂತೆ ಹೇಳಿದರು. ಹೊರಟವರು ತಲುಪಲು ಯಾಕೆ ಅಷ್ಟು ಹೊತ್ತಾಯಿತು ಎಂದು ಯಾರೂ ಕೇಳಲಿಲ್ಲ.

ಕಚೇರಿ ತನ್ನ ರೀತಿಯಲ್ಲಿ ಅವಳನ್ನು ಗೌರವಿಸಿತು. ಮರುವಾರ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಮೊದಲನೆಯದು ಪ್ರಶಂಸಾಪತ್ರ. ಎರಡನೆಯದು, ಕಚೇರಿಯ ಕ್ಯಾಮೆರಾವನ್ನು ಅನಗತ್ಯ ಉದ್ದೇಶಕ್ಕೆ ಬಳಸಿದ್ದರಿಂದ ಅದನ್ನು ಹಿಂದಿರುಗಿಸತಕ್ಕದ್ದು. ಬದಲಿಗೆ ಎಲ್ಲರಿಗೂ ಒಂದೇ ಒಂದು ಆ್ಯಪ್ ಇದ್ದ ಕಚೇರಿ ಮೊಬೈಲು ಕೊಟ್ಟರು. ಅದು ಅಂಕಿಯನ್ನು ಮಾತ್ರ ಹಿಡಿದು ಸುತ್ತಲಿನ ಜಗತ್ತನ್ನು ತಾನೇ ಕತ್ತರಿಸಿ ಎಸೆಯುತ್ತಿತ್ತು. ಸಾಹೇಬರಿಗೆ ಕೊನೆಗೂ ಮನಸ್ಸಿಗೊಪ್ಪುವ ಕಲಾವಿದ ಸಿಕ್ಕಿದ್ದ. ಕಂಪ್ಯೂಟರಿನವನು ಚೌಕಟ್ಟುಗಳ ಕೆಳಗೆ ಅವಳ ಪೂರ್ತಿ ಹೆಸರಿನ ಚೀಟಿ ಅಂಟಿಸಿದ. ಇದು ಯಾರಪ್ಪಾ ಎಂದು ಕಚೇರಿಯವರೇ ಒಬ್ಬರನ್ನೊಬ್ಬರು ಕೇಳಿಕೊಂಡರು.

ಅವಳಿಗೆ ಕ್ಯಾಮೆರಾ ಹೋದದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮಗಳು ಬಿಸಾಡಿದ್ದ ಮೂಲೆಯೊಡೆದ ಫೋನನ್ನು ಚಾರ್ಜಿಗೆ ಹಾಕಿದಳು. ಒಡಕಿನ ಮೇಲೆ ಬೆಳಕು ಬಿದ್ದರೆ ಫೋಟೋದ ಅಂಚಿನಲ್ಲಿ ಸಣ್ಣದೊಂದು ಬಣ್ಣದ ಗೆರೆ ಏಳುತ್ತಿತ್ತು. ಯಾರ ಸ್ವತ್ತೆಂಬ ಚೀಟಿ ಅದರ ಮೇಲಿರಲಿಲ್ಲ, ಇಡೀ ಪರದೆ ಕಾಣುತ್ತಿತ್ತು. ಅಷ್ಟು ದೊಡ್ಡ ಜಗತ್ತಿಗೆ ಹೊಂದಿಕೊಳ್ಳಲು ಅವಳಿಗೆ ಒಂದು ವಾರ ಹಿಡಿಯಿತು.

ಮೇಲಿನ ಮಹಡಿಯಿಂದ ಎರಡು ವಾರ ಸದ್ದಿರಲಿಲ್ಲ. ಹದಿನೈದನೆಯ ದಿನ ಬೆಳಿಗ್ಗೆ ಭಾವ ಕೆಳಗಿಳಿದು ಬಂದರು. ಕೊರಳಿನಲ್ಲಿ ಏನೂ ಇರಲಿಲ್ಲ. ಬಾಗಿಲ ಚೌಕಟ್ಟನ್ನು ಪರೀಕ್ಷಿಸುವವರಂತೆ ನೋಡುತ್ತ ಕೇಳಿದರು, “ಇವತ್ತು ಯಾವ ಓಣಿ?”

“ಯಾಕೆ ಭಾವ?”

“ಏನಿಲ್ಲ. ವಾಕಿಂಗು.”

ವಾಕಿಂಗಿನ ಮೊದಲ ಮನೆಯಲ್ಲೇ ಭಾವ ಮೆಟ್ಟಿಲ ಕೆಳಗೆ ಸೊಂಟದವರೆಗೆ ಹೋಗಿ ಸಿಕ್ಕಿಕೊಂಡರು. ಅವಳು ಕುರ್ಚಿ ಸರಿಸಿ, ಬಕೆಟ್ಟು ಸರಿಸಿ, ದಾರಿ ಮಾಡಿಕೊಟ್ಟಳು. ಒಳಗಿನ ಕತ್ತಲಲ್ಲಿ ಜೇಬಿನಿಂದ ಫೋನು ತೆಗೆದು ಅವರು ಇಲ್ಲಿ ಏನು ತೆಗೆಯಬೇಕೆಂದು ಕೇಳಿದರು. ಅವರ ದನಿಯಲ್ಲಿ ನಿವೃತ್ತ ಅಧಿಕಾರಿ ಇರಲಿಲ್ಲ.

“ನನಗೂ ಗೊತ್ತಿಲ್ಲ ಭಾವ,” ಎಂದಳು. “ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ.”

ಅವರು ಕೂತರು. ಅವಳು ಹೊಸಿಲ ಬಳಿ ಬಿಳಿ ಹಾಳೆ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದಳು. ಕಾಲು ಗಂಟೆಯಾದರೂ ಕ್ಲಿಕ್ ಸದ್ದು ಬರಲಿಲ್ಲ. ಮನೆಯಾಕೆ ಹೊರಗೆ ಬಂದು, ಮೆಟ್ಟಿಲ ಕೆಳಗಿಂದ ಚಾಚಿಕೊಂಡಿದ್ದ ಎರಡು ಕಾಲುಗಳನ್ನು ನೋಡಿ, ಅದು ಯಾರೆಂದು ವಿಚಾರಿಸಿದಳು.

“ನಮ್ಮ ಭಾವ,” ಎಂದಳು ಮೀಟರಕ್ಕ. “ಫೋಟೋಗ್ರಾಫರು.”