ಚಿದ್ರಿಯ ಸರಕಾರಿ ಒಲೆ

ಐವತ್ತಾರರಲ್ಲಿ ನಾವು ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು, ಸರಿ. ನಮ್ಮ ಒಲೆಗಳೂ ಸೇರಬೇಕೆಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ. ಬೀದರಿನ ಚಿದ್ರಿಯಲ್ಲಿ ಬಡ ಕುಟುಂಬಗಳಿಗೆಂದು ಸರಕಾರ ಕಟ್ಟಿಸಿದ ಮನೆಗಳ ನಕ್ಷೆ ಆ ಕಡೆಯಿಂದಲೇ ಬಂದಿತ್ತು. ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ, ಅದರೊಳಗೆ ಬಾವಿಯಷ್ಟು ಆಳದ ಒಲೆ. ಮುದ್ದೆ ತೊಳಸಲು ಹೇಳಿ ಮಾಡಿಸಿದ ಹಾಗಿತ್ತು. ನಮ್ಮಲ್ಲಿ ಮುದ್ದೆ ತಿನ್ನುವವರು ಯಾರು? ಇಲ್ಲಿಯ ಹೆಂಗಸರು ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದು ಅಗಲವಾದ ಹಂಚಿನ ಮೇಲೆ ಬೇಯಿಸುವವರು. ಹಂಚು ಇಟ್ಟರೆ ಬಾಯಿ ಮುಚ್ಚಿ ಒಲೆಯ ಉಸಿರು ಕಟ್ಟುತ್ತದೆ ಎಂದು ಅವರು ನೋಡಿದ ಕೂಡಲೇ ಹೇಳಿಬಿಟ್ಟರು.

ಆಗ ನಾನು ಆ ಕಾಲನಿಗೆ ಸರಕಾರ ನೇಮಿಸಿದ ಸೇವಿಕೆ. ಭಾಲ್ಕಿಯವಳು, ಇನ್ನೂ ಮದುವೆಯಾಗದವಳು, ತರಬೇತಿ ಮುಗಿಸಿ ಬಂದು ಮಕ್ಕಳೊಂದಿಗರಾದ ತಾಯಂದಿರಿಗೆ ಸಂಸಾರ ಕಲಿಸುತ್ತಿದ್ದೆ. ಅವರು ನನ್ನ ಉಪದೇಶವನ್ನೆಲ್ಲ ತಲೆಯಾಡಿಸಿ ಕೇಳಿ, ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಸರಕಾರಿ ಒಲೆಯಲ್ಲಿ ಕೋಳಿ ಕಾವಿಗೆ ಕೂತಿರುತ್ತಿತ್ತು. ಒಡೆಯಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಒಲೆ ಒಡೆದರೆ ಸಂಸಾರ ಒಡೆಯುತ್ತದೆ ಎಂಬ ನಂಬಿಕೆ ಒಂದು ಕಡೆ, ಸರಕಾರದ ಸೊತ್ತು ಕೆಡಿಸಿದರೆ ಮನೆ ವಾಪಸು ಎಂಬ ಷರತ್ತು ಇನ್ನೊಂದು ಕಡೆ.

ಡಾಬಕಾ ಹಳ್ಳಿಯಿಂದ ಬಂದ ಒಬ್ಬಳು ಒಡೆದೇಬಿಟ್ಟಳು. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರು ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಈ ಮನೆ ಹೋದರೆ ಮತ್ತೆ ಅದೇ ಕೊಟ್ಟಿಗೆ. ಮಳೆ ಹಿಡಿದು ಅಂಗಳದ ಕಲ್ಲು ನೆಂದು, ಮಕ್ಕಳು ಹಸಿದು ಅಳತೊಡಗಿದಾಗ ಹಾರೆ ತಂದು ಕಟ್ಟೆ ಕೆಡವಿದಳು. ಅದೇ ಜಾಗದಲ್ಲಿ ಕೆಮ್ಮಣ್ಣಿನ ತಗ್ಗು ಒಲೆ ಹಾಕಿಕೊಂಡಳು. ಯಾರೋ ಪುಣ್ಯಾತ್ಮರು ಕಚೇರಿಗೆ ಸುದ್ದಿ ಮುಟ್ಟಿಸಿದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಕಚೇರಿಯಿಂದ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಬೆಣ್ಣೆ. ಸರಕಾರಿ ಒಲೆಯನ್ನು ಯಾಕೆ ಒಡೆದೆ ಎಂದು ಕೇಳಿದರು.

ಅವಳು ಸೆರಗು ಸರಿಮಾಡಿಕೊಂಡಳು. "ಉರಿನೇ ಹಚ್ಚಲಾರದ್ದು ಒಲಿ ಹ್ಯಾಂಗ ಆಗ್ತದ್ರಿ ಸಾಹೇಬ್ರ? ನಾ ಒಡದಿದ್ದು ಬರೇ ಕಟ್ಟಿ ರೀ."

ಮಾತಿನ ಬೆಣ್ಣೆಯೆಲ್ಲ ಕರಗಿ ಸಾಹೇಬರ ದನಿ ಬಿರುಸಾಯಿತು. ಒಲೆ ಚೆನ್ನಾಗಿಯೇ ಉರಿಯುತ್ತದೆ, ಪಕ್ಕದ ಮನೆಯಲ್ಲಿ ಹಚ್ಚಿ ತೋರಿಸಿ ಎಂದು ನನಗೇ ಅಪ್ಪಣೆಯಾಯಿತು. ಕೋಳಿಯನ್ನು ಎಬ್ಬಿಸಿ ಉರಿ ಹಚ್ಚಿದೆ. ತರಬೇತಿ ಪಡೆದವಳಲ್ಲವೇ, ನಿಂತೇ ರೊಟ್ಟಿ ಬಡಿದೆ. ಹೊಗೆಯಲ್ಲಿ ಸಾಹೇಬರೂ ಕಾಣಲಿಲ್ಲ, ಸರಕಾರವೂ ಕಾಣಲಿಲ್ಲ. ಕೊನೆಗೆ ನಡುವೆ ಕರಕಾಗಿ ಅಂಚೆಲ್ಲ ಹಸಿಯಿದ್ದ ಒಂದು ವಸ್ತುವನ್ನು ಅವರ ಕೈಗಿಟ್ಟೆ. ಕಾಲನಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಅದನ್ನು ಅಗಿದು, ಬಹಳ ಚೆನ್ನಾಗಿದೆ ಎಂದರು. ಚೆನ್ನಾಗಿಲ್ಲ ಎಂದರೆ ನಕ್ಷೆ ಬರೆದ ಹಿರಿಯ ಸಾಹೇಬರು ಅವರನ್ನು ಸುಮ್ಮನೆ ಬಿಡುತ್ತಾರೆಯೇ?

ನನಗೆ ದಾರಿ ಹೊಳೆದದ್ದು ಆಗ.

"ಒಲಿ ಒಡದದ್ದು ನೀವು ಬರದು ಕಳಿಸಿದ್ರ, ಇಷ್ಟು ಛಲೋ ಒಲಿ ಆಕಿ ಯಾಕ ಒಡದಾಳ ಅಂತ ಮ್ಯಾಲಿನವರು ಕೇಳ್ತಾರಲ್ರಿ?" ಎಂದು ಮೆಲ್ಲಗೆ ಕೇಳಿದೆ.

ಸಾಹೇಬರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಕಾಲನಿಯ ಎಲ್ಲ ಒಲೆಗಳೂ ಸುಸ್ಥಿತಿಯಲ್ಲಿವೆ ಎಂದು ವರದಿ ಬರೆದು ಜೀಪು ಹತ್ತಿದರು. ಡಾಬಕಾದವಳ ಮನೆ ಉಳಿಯಿತು; ಅವಳು ಮಕ್ಕಳನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಹೇಗೂ ಹೊಗೆಯ ನೆಪವಿತ್ತು.

ಮರುವರ್ಷ ಸುಸ್ಥಿತಿಯಲ್ಲಿದ್ದ ಒಲೆಗಳಿಗೆ ಸುಣ್ಣ ಹೊಡೆಯಲು ಕಚೇರಿಯಿಂದ ಇಬ್ಬರು ಬಂದರು. ಅವಳ ಮನೆಯಲ್ಲಿ ಕಟ್ಟೆ ಹುಡುಕಿ, ಸಿಗದೆ ತಲೆ ಕೆರೆದುಕೊಂಡರು. ಅವಳು ಅವರನ್ನು ಕೂರಿಸಿ, ಬಿಸಿ ರೊಟ್ಟಿ ಬಡಿದು ಹಾಕಿದಳು. ಹೊಟ್ಟೆ ತುಂಬ ಉಂಡರು. ಇಲ್ಲದ ಒಲೆಗೆ ಸುಣ್ಣ ಹೊಡೆದಾಯಿತೆಂದು ನನ್ನ ಸಹಿ ಪಡೆದು ಹೋದರು. ಅವಳ ಹೆಣ್ಣುಮಕ್ಕಳಿಬ್ಬರೂ ಅದೇ ಮನೆಯಿಂದ ಶಾಲೆಗೆ ಹೋದರು.