ಆಟೋ ಹಾಕಿದ ಗರಗಸ

ನಮ್ಮ ಯಜಮಾನರಿಗೆ ಮರಗೆಲಸ ಕಲಿಸಿದ ಮೇಸ್ತ್ರಿ ನಂಜನಗೂಡಿನವರು. ಅವರ ಹಣೆಯ ಮೇಲೆ ವಿಭೂತಿ ಎರಡೇ ಗೆರೆ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರ ಮನೆಗೆ ಊಟಕ್ಕೆ ಕರೆದಿದ್ದರು. ನಾನು ಉಣ್ಣುವುದು ಬಿಟ್ಟು ಅವರ ಹಣೆಯನ್ನೇ ನೋಡುತ್ತಿದ್ದೆ. ಅವರಿಗೆ ಅದು ಗೊತ್ತಾಗಿ ಬಲಗೈ ಎತ್ತಿ ತೋರಿಸಿದರು. ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ.

"ಮಿಷನ್ ತಿಂದ್ಬುಡ್ತು ಕಣವ್ವ. ಇರೋ ಎರಡ್ರಲ್ಲೇ ಎಳ್ಕತೀನಿ. ಶಿವ ಏನೂ ಲೆಕ್ಕ ಕೇಳಾಕಿಲ್ಲ," ಎಂದು ನಕ್ಕರು. ಯಜಮಾನರೂ ನಕ್ಕರು. ನಾನು ಎಲೆ ಮಡಿಸಿದೆ. ಈ ಕೆಲಸದವರಿಗೆ ಬೆರಳು ಹೋಗುವುದೂ ಹಲ್ಲು ಬೀಳುವುದೂ ಒಂದೇ ಎಂದು ಆವತ್ತು ಅರ್ಥವಾಯಿತು. ಇವರ ಕೈ ಇದ್ದ ಹಾಗೇ ಇರಲಿ, ಬೇರೆ ಏನೂ ಕೇಳುವುದಿಲ್ಲ ಎಂದು ಆ ಊರ ದೇವರು ನಂಜುಂಡಪ್ಪನಿಗೆ ಕೈಮುಗಿದು ಬಸ್ಸು ಹತ್ತಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಟಿ. ನರಸೀಪುರದ ಹೊರಗೆ, ಮೂಗೂರು ಕಡೆ ಹೋಗುವ ರಸ್ತೆಯಲ್ಲಿ ನಾವೊಂದು ತಗಡಿನ ಶೆಡ್ಡು ಹಾಕಿದೆವು. ಒಳಗೆ ಒಂದು ಕಟಿಂಗ್ ಮಿಷನ್ನು. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಅರ್ಧ ಮೇಲೆದ್ದ ದುಂಡನೆಯ ಹಲ್ಲಿನ ಬ್ಲೇಡು, ಕೆಳಗೆ ಮೋಟರು. ಕೆಲಸಕ್ಕೆ ಯಜಮಾನರು ಮತ್ತು ತಗಡೂರಿನ ಕಡೆಯ ಒಬ್ಬ ಕೆಲಸಗಾರ. ವಯಸ್ಸಿನಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ, ಆದರೂ ಆತ ಅವರನ್ನು ಅಣ್ಣ ಅನ್ನುತ್ತಿದ್ದ, ನನ್ನನ್ನು ಅಕ್ಕ. ಮಧ್ಯಾಹ್ನ ಇಬ್ಬರಿಗೂ ಊಟ ಒಯ್ಯುವುದು ನನ್ನ ಪಾಲಿನ ಕೆಲಸ. ಬರುವಾಗ ಒಂದು ಚೀಲ ಮರದ ಹೊಟ್ಟು ತರುತ್ತಿದ್ದೆ. ಆಗಿನ್ನೂ ನಮ್ಮ ಮನೆಗೆ ಗ್ಯಾಸು ಬಂದಿರಲಿಲ್ಲ, ಹೊಟ್ಟಿನ ಒಲೆಯಲ್ಲೇ ಅಡುಗೆ.

ಯಜಮಾನರಿಗೆ ಎಚ್ಚರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬ್ಲೇಡು ತಿರುಗುವಷ್ಟು ಹೊತ್ತು ಅವರ ಮಡಿ ಯಾವ ಪೂಜಾರಿಗೂ ಕಡಿಮೆ ಇರಲಿಲ್ಲ. ವಾಚು ಬಿಚ್ಚಿ ಮೊಳೆಗೆ ಹಾಕಬೇಕು. ಹೆಗಲ ಮೇಲಿನ ಟವೆಲ್ಲು ಬಾಗಿಲಾಚೆ. ಕೊರಳಿನ ಶಿವದಾರವನ್ನು ಗಿಡ್ಡ ಮಾಡಿ ಬನಿಯನ್ನಿನ ಒಳಗೆ ಸೇರಿಸಿ, ಅದರ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬ್ಲೇಡಿನ ನೇರಕ್ಕೆ ನಿಲ್ಲುತ್ತಿರಲಿಲ್ಲ. ಹಲಗೆ ಕಚ್ಚಿಕೊಂಡು ಹಿಂದಕ್ಕೆ ಎಗರಿದರೆ ಹೊಟ್ಟೆಗೇ ಬಡಿಯುತ್ತದೆ, ಅದಕ್ಕೆ ಒಂದು ಪಕ್ಕಕ್ಕೆ. ಹಲಗೆಯ ಕೊನೆಯ ಗೇಣನ್ನು ಕೈಯಿಂದ ತಳ್ಳುವಂತಿಲ್ಲ, ತುದಿಯಲ್ಲಿ ಕಚ್ಚು ಕೊರೆದ ಕೋಲಿನಿಂದಲೇ ತಳ್ಳಬೇಕು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೋ, ಅವರ ಗ್ರಹಚಾರ ಬಿಡಿಸಿಬಿಡುತ್ತಿದ್ದರು. ಆದರೆ ಬ್ಲೇಡು ನಿಂತಿತೋ, ಭಯವೂ ನಿಂತಿತು. ನಿಂತ ಬ್ಲೇಡು ಅವರಿಗೆ ಬರೀ ತಗಡು. ಅಂಟಿದ ಮರದ ಅಂಟನ್ನು ಉಗುರಿನಿಂದ ಕೆರೆಯುವುದೇನು, ಹಲ್ಲಿನ ಹರಿತವನ್ನು ಹೆಬ್ಬೆರಳಿನಿಂದ ನೋಡುವುದೇನು! ಗಿರಾಕಿಯ ಹತ್ತಿರ ಮಾತಾಡುತ್ತಾ ಅದರ ಮೇಲೆ ಅಂಗೈ ಊರಿಕೊಂಡೇ ನಿಲ್ಲುತ್ತಿದ್ದರು.

ಕರೆಂಟಿನ ಕಥೆ ಆಗ ಎಲ್ಲರಿಗೂ ಗೊತ್ತಿದ್ದದ್ದೇ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಕೊಡುವವರಿಗೂ ತಿಳಿದಂತಿರಲಿಲ್ಲ. ಮನೆಯಲ್ಲಿ ಬಲ್ಬು ಉರಿಯುತ್ತಿದ್ದರೂ ಮಿಷನ್ನಿಗೆ ಬೇಕಾದ ತ್ರೀ ಫೇಸ್ ಇರುತ್ತಿರಲಿಲ್ಲ. ನಮ್ಮ ಶೆಡ್ಡಿನ ಹಿಂದೆ ಭತ್ತದ ಗದ್ದೆ. ಆ ಗದ್ದೆಯವರು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಆಟೋ ಹಾಕಿಸಿದ್ದರು. ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಓಡುತ್ತದೆ, ಯಾರೂ ಗದ್ದೆಯಲ್ಲಿ ಕಾಯಬೇಕಿಲ್ಲ. ನೀರಿಗೆ ಅದು ಸರಿಯೇ. ನಮ್ಮವರೂ ಹುಟ್ಟಾ ಬೇಸಾಯದ ಮನೆಯವರು, ಆ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೋಟರು ರಿಪೇರಿಯವನನ್ನು ಕರೆಸಿ ಅದೇ ಆಟೋವನ್ನು ಗರಗಸಕ್ಕೆ ಹಾಕಿಸಿದರು.

ಆಮೇಲೆ ಕರೆಂಟು ಹೋದರೆ ಇಬ್ಬರೂ ಎಲ್ಲ ಇದ್ದ ಹಾಗೇ ಬಿಟ್ಟು ರಸ್ತೆಯ ತಿರುವಿನ ಟೀ ಅಂಗಡಿಗೆ ನಡೆಯುತ್ತಿದ್ದರು. ಅಷ್ಟು ದೂರಕ್ಕೆ ಪಂಪಿನ ಸದ್ದು ಕೇಳಿಸುವುದಿಲ್ಲ, ಗರಗಸದ ಕಿರುಚಾಟ ಕೇಳಿಸುತ್ತದೆ. ಕುಯ್ಯೋ ಎಂದ ಕೂಡಲೇ ಲೋಟ ಇಟ್ಟು ಓಡಿ ಬರುವುದು. "ನಮ್ ಮಿಷನ್ನೇ ನಮ್ನ ಕರೀತದೆ ಕಣ್ರೀ," ಎಂದು ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಕರೆಂಟಿಲ್ಲದ ಹೊತ್ತಿನಲ್ಲಿ ನಾನು ಹೋದರೆ ಶೆಡ್ಡಿನಲ್ಲಿ ಯಾರೂ ಇಲ್ಲದೆ ಬ್ಲೇಡು ಸುಮ್ಮನೆ ನಿಂತಿರುತ್ತಿತ್ತು. ಕೆಳಗಿನ ಹೊಟ್ಟು ತುಂಬಿಕೊಳ್ಳುವ ಮೊದಲು ಗೋಡೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದು ಆರಿಸುತ್ತಿದ್ದೆ. ಹೋಗುವಾಗ ಬೇಕೆಂತಲೇ ಮೇಲೆ ಹಾಕುತ್ತಿರಲಿಲ್ಲ. ಕರೆಂಟು ಬಂದಾಗ ಮನುಷ್ಯರು ಬಂದು ಹಾಕಿಕೊಳ್ಳಲಿ ಎಂಬುದು ನನ್ನ ವಾದ. ಒಂದು ದಿನ ಹೀಗೇ ಆಗಿ, ಗರಗಸ ಕೂಗದ್ದರಿಂದ ಕರೆಂಟು ಬಂದದ್ದು ಇವರಿಗೆ ತಿಳಿಯಲೇ ಇಲ್ಲ; ಇನ್ನೂ ಟೀ ಅಂಗಡಿಯಲ್ಲಿ ಕೂತಿರುವಾಗಲೇ ಅದು ಮತ್ತೆ ಹೋಗಿಬಿಟ್ಟಿತು. ಯಾರದೋ ಮದುವೆಯ ಮಂಚ ಅರ್ಧಕ್ಕೆ ನಿಂತಿತ್ತು. ಆ ರಾತ್ರಿ ಮುಖ ಊದಿಸಿಕೊಂಡೇ ಮಲಗಿದ ಯಜಮಾನರು, ಮರುದಿನ ನಾನು ಊಟ ತಂದು ಇಳಿಸುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ಯಾರ್ನ ಕೇಳಿ ಮೇನ್ ಎಳ್ದೆ ನೀನು? ನಿನ್ ಬಾಯಿಗೊಂದು ಮೇನ್ ಇದ್ದಿದ್ರೆ ಮೊದ್ಲು ಅದ್ನ ಎಳೀತಿದ್ದೆ ನಾನು!"

ಕೆಲಸಗಾರ ಕಿಸಕ್ಕೆಂದು ನಕ್ಕ. ನನಗೆ ಮೈಯೆಲ್ಲಾ ಉರಿದುಹೋಯಿತು. "ನನ್ ಬಾಯಿ ಯಾರ್ ಬೆರಳ್ನೂ ತಿಂದಿಲ್ಲ," ಅಂದೆ. "ನಿಂತಿರೋ ಮಿಷನ್ಗೆ ಕೈ ಕೊಟ್ಟೀರಿ, ಅದು ತಾನಾಗೇ ಓಡೋ ಅಂಗೆ ಮಾಡಿಟ್ಟೀರಿ. ಬುದ್ಧಿ ಅದಾ ನಿಮ್ಗೆ?"

"ಇಪ್ಪತ್ತು ವರ್ಷದಿಂದ ಮಾಡ್ತಾ ಇವ್ನಿ. ಇದು ನಿನ್ನ ಅಡುಗೆಮನೆ ಅಲ್ಲ. ಇನ್ನೊಂದ್ ಕಿತ ಮೇನ್ ಮುಟ್ಟಿದ್ರೆ ಶೆಡ್ಡೊಳಕ್ಕೇ ಬರಬ್ಯಾಡ."

ಆಮೇಲೆ ಅವರು ಮೇನಿನ ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು, ಮುಟ್ಟಬಾರದೆಂದು. ನಾನು ಊಟದ ಕ್ಯಾರಿಯರನ್ನು ಬಾಗಿಲಲ್ಲಿಟ್ಟು ವಾಪಸ್ಸು ಬರತೊಡಗಿದೆ. ಹೊಟ್ಟು ತುಂಬುವ ಕೆಲಸವನ್ನೂ ಬಿಟ್ಟೆ. ಮನೆಯಲ್ಲಿ ಬೇಕಾದಷ್ಟಕ್ಕೆ ಮಾತ್ರ ಮಾತು. ನಾನು ಸೋಲುವವಳಲ್ಲ, ಅವರೂ ಅಲ್ಲ. ಆದರೆ ಸಂಜೆ ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ನನ್ನ ಕಣ್ಣು ಅವರ ಕೈ ಮೇಲೆಯೇ ಇರುತ್ತಿತ್ತು. ಇವತ್ತು ಸರಿಯಾಗಿದೆ, ನಾಳೆಯದು ಯಾರು ಕಂಡರು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಕ್ಯಾರಿಯರು ಹಿಡಿದು ಬಾಗಿಲಿಗೆ ಬಂದೆ. ಇಬ್ಬರೂ ಒಳಗೇ ಇದ್ದರು. ಉದ್ದನೆಯ ಹೊನ್ನೆ ಹಲಗೆಯೊಂದು ಅರ್ಧ ಸೀಳಿ ನಿಂತಿತ್ತು. ಸೀಳುತ್ತಿರುವಾಗಲೇ ಕರೆಂಟು ಹೋಗಿ, ಮರ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿದಿತ್ತು. ಕೆಲಸಗಾರ ಆಚೆ ತುದಿ ಹಿಡಿದು ಅಲುಗಾಡಿಸುತ್ತಿದ್ದ. ಯಜಮಾನರು ಬಗ್ಗಿ, ಸೀಳಿಗೆ ಒಂದು ಬೆಣೆ ಕೊಟ್ಟು, ಬಲಗೈಯಲ್ಲಿ ಹಲಗೆ ಎಳೆಯುತ್ತಾ ಎಡಗೈಯಲ್ಲಿ ಬ್ಲೇಡನ್ನೇ ಅಮುಕಿ ಹಿಡಿದಿದ್ದರು. ಮೇನು ಮೇಲೆಯೇ ಇತ್ತು.

ಯೋಚನೆ ಮಾಡಿದೆ ಎಂದು ಹೇಳಲಾರೆ. ಕ್ಯಾರಿಯರು ನೆಲಕ್ಕಿಟ್ಟು ಗೋಡೆಯ ಹತ್ತಿರ ಹೋಗಿ, ಕೆಂಪು ಬಟ್ಟೆಯ ಮೇಲೇ ಹಿಡಿದು ಎಳೆದೆ. ಕಟಕ್ ಎಂದಿತು.

"ಅಕ್ಕೋ, ಬ್ಯಾಡ, ಅಣ್ಣ ಬೈತಾರೆ," ಅಂದ ಕೆಲಸಗಾರ.

ಯಜಮಾನರು ತಲೆ ಎತ್ತದೆಯೇ ಹಲ್ಲು ಕಚ್ಚಿದರು. "ಮತ್ತೆ ಎಳ್ದ್ಯಾ? ಹೇಳ್ದೋರ್ ಮಾತು ಕೇಳ್ಬಾರ್ದು ಅಂತ ಹಟಾನಾ ನಿಂಗೆ? ಹಾಕು ಮೇಲಕ್ಕೆ!"

"ಹಾಕಾಕಿಲ್ಲ," ಅಂದೆ. "ನೀವು ಕೈ ತೆಗೀರಿ ಮೊದ್ಲು, ಆಮ್ಯಾಕೆ ಏನ್ ಬೇಕಾದ್ರೂ ಹಾಕ್ಕಳಿ."

ಅವರು ಬಾಯಿ ತೆರೆದರು. ಅಷ್ಟರಲ್ಲಿ ಶೆಡ್ಡಿನ ಹಿಂದೆ ಗುಯ್ ಎಂದು ಒಂದು ಸದ್ದು ಎದ್ದಿತು. ಪಕ್ಕದ ಗದ್ದೆಯವರ ಪಂಪು ತಾನಾಗಿ ಓಡತೊಡಗಿತ್ತು. ಸ್ವಲ್ಪ ಹೊತ್ತಿಗೆ ಕಾಲುವೆಗೆ ನೀರು ಬೀಳುವುದು ಕೇಳಿಸಿತು.

ಮೂವರಿಗೂ ಅದೇನೆಂದು ಗೊತ್ತಿತ್ತು. ಕೆಲಸಗಾರ ಹಲಗೆ ಬಿಟ್ಟು ಅಲ್ಲೇ ಕುಕ್ಕರಿಸಿದ. ಯಜಮಾನರು ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ಅವರ ಎಡಗೈ ಇನ್ನೂ ಬ್ಲೇಡಿನ ಮೇಲೇ ಇತ್ತು, ಐದು ಬೆರಳೂ ಹಲ್ಲುಗಳ ಮೇಲೆ. ಆ ಆಟೋವನ್ನು ಆವತ್ತು ಸಂಜೆ ಅವರೇ ಕಿತ್ತುಹಾಕಿದರು. ತಪ್ಪಾಯಿತು ಎನ್ನುವ ಜಾತಿಯಲ್ಲ ಅವರದು. ಆದರೆ ಆ ಗಳಿಗೆಯಲ್ಲಿ ಕೈ ತೆಗೆಯಬೇಕು ಎಂಬುದೂ ಅವರಿಗೆ ತೋಚಲಿಲ್ಲ.

ನಾನೇ ಹೋಗಿ ಬ್ಲೇಡಿನಿಂದ ಒಂದೊಂದೇ ಬೆರಳು ಬಿಡಿಸಿದೆ. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಬಾಯಿಯ ತನಕ ಬಂದಿತ್ತು. ಹೊರಬಂದದ್ದು ಅಳು. ನಮ್ಮ ಕಡೆ ಗಂಡ ಹೆಂಡತಿ ನಾಲ್ಕು ಜನರ ಎದುರು ಕೈ ಹಿಡಿದು ನಿಲ್ಲುವ ರೂಢಿ ಇಲ್ಲ. ಎದುರಿಗೆ ಕೆಲಸಗಾರ ಕೂತಿದ್ದ, ಬಾಗಿಲು ತೆರೆದಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.

"ಬುಡು, ಯಾರಾರ ನೋಡ್ತಾರೆ," ಅಂದರು.

ಬಿಡಲಿಲ್ಲ. ಅವರೂ ಎಳೆದುಕೊಳ್ಳಲಿಲ್ಲ.