ಯಾರದೋ ಬಯೋಡಾಟಾ

ಇಂಗ್ಲಿಷಿನಾಗ ಸುಳ್ಳು ಬರಿಯೂದು ನನಗ ಭಾಳ ಸಲೀಸ್ರಿ. ಅದ ಮಾತು ಕನ್ನಡದಾಗ ಬರದ್ರ ನನಗ ನಾಚಿಗಿ ಬರತೈತಿ, ಮರಾಠಿಯೊಳಗ ಬರದ್ರ ಮಂದಿ ನಗತಾರ. ಇಂಗ್ಲಿಷಿನಾಗ ಬರದ್ರ ಮಾತ್ರ ನೌಕರಿ ಸಿಗತೈತಂತ! ಮಹಾರಾಷ್ಟ್ರದ ಇಚಲಕರಂಜಿಯೊಳಗ ನಂದೊಂದು ಟೈಪಿಂಗ್ ಅಂಗಡಿ ಐತಿ. ನಮ್ಮ ಓಣಿಯ ಬಯೋಡಾಟಾ ಎಲ್ಲಾ ಹುಟ್ಟೂದು ಅಲ್ಲೇ.

ಏನ್ ಭಾಷಾ ರೀ ಅದು! ಚಾದಂಗಡಿಯೊಳಗ ಕಪ್ ತೊಳದಾಂವ ಹಾಸ್ಪಿಟ್ಯಾಲಿಟಿ ಎಕ್ಸಿಕ್ಯೂಟಿವ್. ಶಿರೋಳಿ ಫೌಂಡ್ರಿಯೊಳಗ ಎರಡು ತಿಂಗಳು ಉಸುಕು ಸೋಸಿದಾಂವ ಪ್ರೊಸೆಸ್ ಲೀಡರ್. ಕೆಲಸಾ ಯಾರೂ ಮಾಡಂಗಿಲ್ಲ, ಎಲ್ಲಾರೂ ಲೀಡ್ ಮಾಡತಾರ. ಹಳೇ ಶಾಸನದಾಗೂ ಹತ್ತು ಹಳ್ಳಿ ಆಳಿದ ನಾಯಕಗ ಭೂಮಂಡಲದ ಒಡೆಯಾ ಅಂತ ಬಿರುದು ಇರತಿತ್ತು. ಅವಗರೆ ಕಲ್ಲು ಕೆತ್ತಸೂ ಖರ್ಚಿತ್ತು. ನಮಗ ಅದೂ ಇಲ್ಲ, ಒಂದು ಫೈಲಿನಿಂದ ಇನ್ನೊಂದಕ್ಕ ಕಾಪಿ ಹೊಡದ್ರ ಆತು.

ಹೋದ ವರ್ಷ ನಮ್ಮ ಓಣಿಯ ಬಸಪ್ಪಣ್ಣ ಅಂಗಡಿಗೆ ಬಂದ. ಇಪ್ಪತ್ತು ವರ್ಷ ಪವರ್‌ಲೂಮ್ ಜಾಬರ್ ಆಗಿದ್ದಾಂವ, ಅಂದ್ರ ಮಗ್ಗ ರಿಪೇರಿ ಮಾಡಾಂವ. ಶೆಡ್ಡಿನ ಬಾಗಲದಾಗ ಕಣ್ಣು ಮುಚ್ಚಿ ನಿಂತು, ಬರೇ ಸಪ್ಪಳ ಕೇಳಿ, ಇಪ್ಪತ್ನಾಲ್ಕು ಮಗ್ಗದೊಳಗ ಇವತ್ತು ಯಾವದು ಕೈ ಕೊಡತೈತಿ ಅಂತ ಹೇಳಾಂವ. ಮಾಲಕ ಶೆಡ್ ಮುಚ್ಚಿದ ಮ್ಯಾಲ ಮೂರು ತಿಂಗಳು ಮನ್ಯಾಗ ಕುಂತಿದ್ದ. ಹೊಸಾ ಮಿಲ್ಲಿನವರು ಇಂಗ್ಲಿಷ್ ಬಯೋಡಾಟಾ ತಾ ಅಂದಿದ್ರು. ನಾ ಅವನ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹಳೇ ಫೈಲ್ ತಗದು ಹೆಸರಷ್ಟ ಬದಲಿಸಿ, ಡೈನಾಮಿಕ್ ಲೀಡರ್, ಸ್ಟ್ರಾಟೆಜಿಕ್ ವಿಜನ್ ಅಂತ ಪ್ರಿಂಟ್ ಹೊಡದು ಕೊಟ್ಟೆ.

ಮರುದಿವಸ ಮಧ್ಯಾಹ್ನ ಬಂದಾಂವ ಆ ಕಾಗದ ನನ್ನ ಮುಂದ ಇಟ್ಟ.

"ಮಾಸ್ತರ, ಯಾರದೋ ಕಾಗದ ನನಗ ಕೊಟ್ಟೀರಿ ನೋಡ್ರಿ. ಮಿಲ್ಲಿನ ಸಾಹೇಬ್ರು ಓದಿ ಮರಾಠಿಯೊಳಗ ಬಿಡಿಸಿ ಹೇಳಿದ್ರು. ಯಾರೋ ಭಾಳ ದೊಡ್ಡ ಮನಶ್ಯಾ ಅದಾನ. ಮ್ಯಾಲ ಹೆಸರು ನಂದ ಐತಂತ, ನಿಮ್ಮ ಕೈ ತಪ್ಪಿರಬೇಕು. ಇದು ನಂದಲ್ರೀ ಅಂತ ಹೇಳಿ ಇಸಗೊಂಡು ಬಂದೆ. ಪಾಪ, ಅವನ ನೌಕರಿ ತಪ್ಪಬಾರದು."

ತನ್ನ ನೌಕರಿ ಹೋತು ಅನ್ನೂ ಚಿಂತಿ ಅವನ ಮಾರಿ ಮ್ಯಾಲ ಇತ್ತು, ಖರೆ. ಆದ್ರ ಮದಲ ಅವನಿಗೆ ಆ ಹುಟ್ಟೇ ಇಲ್ಲದ ಮನಶ್ಯಾನ ಕಾಳಜಿ! ನಾಚಿಗ್ಯಾಗಿ ನನಗ ತಲಿ ಎತ್ತಾಕ ಆಗಲಿಲ್ಲ. ಕುರ್ಚಿ ಕೊಟ್ಟು ಕುಂದ್ರಿಸಿ, ಕೇಳಿ ಕೇಳಿ ಇಂಗ್ಲಿಷಿನಾಗ ಮೂರ ಸಾಲು ಬರದೆ. ಮಗ್ಗ ರಿಪೇರಿ ಮಾಡತಾನ. ಇಪ್ಪತ್ತು ವರ್ಷ ಮಾಡ್ಯಾನ. ಸಪ್ಪಳ ಕೇಳಿ ದೋಷ ಹೇಳತಾನ, ಬೇಕಾದ್ರ ನಿಮ್ಮ ಶೆಡ್ಡಿನಾಗ ನಿಲ್ಲಿಸಿ ನೋಡ್ರಿ.

ಸಾಹೇಬ್ರು ನಿಲ್ಲಿಸಿ ನೋಡಿದ್ರು. ಸೋಮವಾರದಿಂದ ಬಸಪ್ಪಣ್ಣ ಕೆಲಸಕ್ಕ ಹತ್ತಿದ.

ಅವತ್ತ ಸಂಜಿಕ ನನ್ನ ಸ್ವಂತ ಬಯೋಡಾಟಾ ತಗದು ಓದಿದೆ. ವಿಷನರಿ ಕಮ್ಯುನಿಕೇಶನ್ ಕನ್ಸಲ್ಟಂಟ್ ಅಂತ! ಯಾರದೋ ಕಾಗದ, ನಂದಲ್ಲ. ಆದ್ರ ಇಂಥಾ ಕಾಗದ ವಾಪಸ್ ಕೊಡಾಕ ಬಸಪ್ಪಣ್ಣಗ ನನ್ನ ಅಂಗಡಿ ಇತ್ತು. ನಾ ಯಾರ ಅಂಗಡಿಗೆ ಹೋಗಲಿ?